ಹತ್ತು ಗಂಟೆಯಲ್ಲಿ ಎರಡು ಡೈಪರ್

ಹೆರಿಗೆ ರಜೆ ಮುಗಿಸಿ ಸೊಸೆ ಮತ್ತೆ ಕಂಡಕ್ಟರಾಗಿ ಬಸ್ಸು ಹತ್ತಿ ಅಂದಿಗೆ ಒಂಬತ್ತು ದಿನ. ಡಿಪೋದಲ್ಲಿ ಟಿಕೆಟ್ ಯಂತ್ರ ಒಪ್ಪಿಸಿ ಮನೆ ಸೇರುವಾಗ ಸಂಜೆ ಐದಾಗಿತ್ತು. ಮನೆಯ ಮುಂದಿನ ಕೋಣೆಯೇ ಮಾವನ ಕ್ಷೌರದ ಅಂಗಡಿ. ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಅದನ್ನು ದಾಟಿಯೇ ಒಳಗೆ ಹೋಗಬೇಕು. ಯಾರದೋ ತಲೆಯನ್ನು ಬಗ್ಗಿಸಿ ಹಿಡಿದಿದ್ದ ಮಾವ ಕತ್ತರಿ ನಿಲ್ಲಿಸದೆಯೇ, "ಬೇಗ ಹೋಗಮ್ಮ, ಗುಬ್ಬಿ ಮಧ್ಯಾಹ್ನದಿಂದ ಒಂದೇ ಸಮ ಅಳ್ತಿದೆ" ಅಂದರು.

ಗುಬ್ಬಿ ಅಂದರೆ ಏಳು ತಿಂಗಳ ಮಗಳು. ಸೊಸೆ ಕೈತೊಳೆದು ಎತ್ತಿಕೊಂಡಳು. ಡೈಪರ್ ನೆನೆದ ಹಾಸಿಗೆಯ ಹಾಗೆ ಭಾರವಾಗಿ ಜೋತುಬಿದ್ದಿತ್ತು. ಬಿಚ್ಚಿದರೆ, ಹಾಕಿದ್ದ ಪೌಡರ್ ಒದ್ದೆಯಾಗಿ ಸಂದುಸಂದಿನಲ್ಲಿ ಹಿಟ್ಟಿನ ಹಾಗೆ ಅಂಟಿಕೊಂಡಿತ್ತು. ಅದರ ಕೆಳಗೆ ಚರ್ಮ ಕೆಂಪಗೆ ಹೊಳೆಯುತ್ತಿತ್ತು. ನೀರು ತಾಗಿಸಿದ್ದೇ ತಡ, ಮಗು ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚಿತು.

"ಅತ್ತೆ, ಇದನ್ನ ಯಾವಾಗ ಹಾಕಿದ್ರಿ?"

ಅತ್ತೆ ಒಲೆಯ ಮುಂದಿದ್ದರು. ತಿರುಗಲಿಲ್ಲ. "ಈಗಷ್ಟೇ. ಊಟ ಆದ ಮೇಲೆ."

"ನಿಮ್ಮ ಊಟ ಹನ್ನೆರಡೂವರೆಗೆ ಆಗುತ್ತೆ. ಈಗ ಐದು."

"ಏನಮ್ಮಾ, ಟಿಕೆಟ್ ಇಲ್ಲದೆ ಹತ್ತಿದವಳನ್ನ ವಿಚಾರಿಸೋ ಹಾಗೆ ವಿಚಾರಿಸ್ತೀಯಲ್ಲ?"

ಸೊಸೆ ಹಿತ್ತಲಿಗೆ ಹೋಗಿ ಕಸದ ಬುಟ್ಟಿಯ ಮುಚ್ಚಳ ತೆಗೆದು ನೋಡಿದಳು. ಅಲ್ಲಿದ್ದದ್ದು ಒಂದು. ಕೈಯಲ್ಲಿದ್ದದ್ದು ಇನ್ನೊಂದು.

"ಹತ್ತು ಗಂಟೆಯಲ್ಲಿ ಎರಡು ಡೈಪರ್! ಈ ಕೂಸು ಹೇಗೆ ತಡ್ಕೊಂಡಿತೋ!"

"ನೋಡು, ಮೂರು ಮಕ್ಕಳನ್ನ ಹೆತ್ತು ಸಾಕಿದೀನಿ ನಾನು. ನಿನ್ನ ಗಂಡನೂ ಅದರಲ್ಲಿ ಒಬ್ಬ. ಅವನ ಚರ್ಮ ಏನು ಸುಲಿದು ಹೋಗಿದೆಯಾ?"

ಅದೇ ಹೊತ್ತಿಗೆ ಮಗ ಒಳಗೆ ಬಂದ. ಅವನು ಲಿಫ್ಟ್ ರಿಪೇರಿ ಮಾಡುವವನು. ಗ್ರೀಸು ಮೆತ್ತಿದ ಕೈಯಲ್ಲಿ ಸಾಮಾನಿನ ಚೀಲ ಹಿಡಿದು ಬಾಗಿಲಲ್ಲೇ ನಿಂತು, "ನನ್ನ ಚರ್ಮದ ವಿಷಯ ಈಗ್ಯಾಕೆ ಬಂತು?" ಅಂದ. ಯಾರೂ ನಗಲಿಲ್ಲ. ಹೆಂಡತಿ ಮಗುವನ್ನು ತಿರುಗಿಸಿ ತೋರಿಸಿದಳು. ಅವನು ಚೀಲ ಕೆಳಗಿಟ್ಟ.

ಮರುದಿನ ಸೊಸೆಗೆ ವಾರದ ರಜೆ. ಅತ್ತೆಯನ್ನೂ ಕರೆದುಕೊಂಡು ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದಳು. ಡಾಕ್ಟರಮ್ಮ ವಯಸ್ಸಾದವರು, ಮಾತು ನೇರ. ಮಗುವನ್ನು ಮಗುಚಿ ನೋಡಿ ಇಬ್ಬರನ್ನೂ ಕೂರಿಸಿಕೊಂಡರು.

"ಹಗಲು ಯಾರು ನೋಡ್ಕೊಳ್ತೀರಿ?"

"ನಾನೇ" ಅಂದರು ಅತ್ತೆ.

"ಹಾಗಿದ್ರೆ ಅಜ್ಜಿ, ನಿಮಗೇ ಹೇಳ್ತೀನಿ. ಇದಕ್ಕೆ ಮದ್ದು ಅಂದ್ರೆ ಮೊದಲು ಒಣಗಿರೋದು. ಉಚ್ಚೆ ಆದ್ರೆ ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಿ. ಕಕ್ಕ ಆದ್ರೆ ತಕ್ಷಣ, ಒಂದು ನಿಮಿಷವೂ ಕಾಯಬೇಡಿ. ಉಗುರುಬೆಚ್ಚಗಿನ ನೀರು, ಹತ್ತಿ, ಅಷ್ಟೇ ಸಾಕು. ಘಮಘಮ ಅನ್ನೋ ಒದ್ದೆ ಹಾಳೆ ಬೇಡ. ಉಜ್ಜಬೇಡಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ."

"ಪೌಡರ್?"

"ಪೌಡರ್ ಬೇಡವೇ ಬೇಡ. ಒದ್ದೆಯಾದ್ರೆ ಗಂಟಾಗಿ ಉಜ್ಜುತ್ತೆ, ಹಾರಿದ್ರೆ ಮಗುವಿನ ಎದೆಗೆ ಹೋಗುತ್ತೆ. ಈ ಜಿಂಕ್ ಮುಲಾಮು ಬರೆದುಕೊಡ್ತೀನಿ. ಬ್ರೆಡ್ಡಿಗೆ ಬೆಣ್ಣೆ ಸವರೋ ಹಾಗೆ ದಪ್ಪಗೆ ಹಚ್ಚಿ. ಮುಂದಿನ ಸಲ ಪೂರ್ತಿ ಕೆರೆದು ತೆಗೆಯೋಕೆ ಹೋಗಬೇಡಿ. ಮೇಲಿನ ಕೊಳೆ ಹೋದ್ರೆ ಸಾಕು, ಅದರ ಮೇಲೇ ಹಚ್ಚಿ. ದಿನಕ್ಕೆ ಸ್ವಲ್ಪ ಹೊತ್ತು ಏನೂ ಹಾಕದೆ ಬಿಡಿ, ಗಾಳಿ ಆಡಲಿ. ಮೂರು ನಾಲ್ಕು ದಿನದಲ್ಲಿ ಕಡಿಮೆಯಾಗದಿದ್ರೆ ಮತ್ತೆ ಬನ್ನಿ."

ಸೊಸೆ ನಾಲ್ಕು ದಿನ ರಜೆ ಹಾಕಿದಳು. ಮುಲಾಮು, ಗಾಳಿ, ಬೆಚ್ಚನೆ ನೀರು, ಎಲ್ಲ ಹೇಳಿದಂತೆ ನಡೆಯಿತು. ಕೆಂಪು ಇಳಿದು ತಿಳಿಗುಲಾಬಿಯಾಯಿತು. ಐದನೆಯ ದಿನ ಕೆಲಸಕ್ಕೆ ಹೋಗುವ ಮುನ್ನ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು.

ಅತ್ತೆ ಅದನ್ನು ಓದಿ, "ಮನೆಯೊಳಗೂ ಡಿಪೋ ನೋಟೀಸು" ಅಂದರು.

"ಮರೆತುಹೋಗಬಾರದು ಅಂತ, ಅತ್ತೆ."

"ಮರೆವು ನನಗಿಲ್ಲ. ಮುಪ್ಪು ಬಂದಿರೋದು ಕೂದಲಿಗೆ."

ಮೂರು ದಿನ ಕಳೆಯುವುದರೊಳಗೆ ಕೆಂಪು ಮರಳಿ ಬಂತು. ಸಂಜೆ ಸೊಸೆ ಕೇಳುವುದು, ಅತ್ತೆ "ಆಗಾಗ ಬದಲಾಯಿಸಿದೆ" ಅನ್ನುವುದು. ಬುಟ್ಟಿ ಬೇರೆಯೇ ಹೇಳುತ್ತಿತ್ತು. ಊಟದ ಹೊತ್ತಿಗೆ ತಟ್ಟೆಗಳ ಸದ್ದು ಜಾಸ್ತಿಯಾಯಿತು, ಮಾತು ಕಡಿಮೆಯಾಯಿತು. ಮಗ ಅಡಕತ್ತರಿಗೆ ಸಿಕ್ಕ ಅಡಿಕೆ. ಅಮ್ಮನ ಹತ್ತಿರ ಹೋಗಿ, "ಅಮ್ಮಾ, ಡೈಪರ್ ಉಳಿಸಬೇಕು ಅಂತೇನಾದ್ರೂ ನೋಡ್ತಿದೀಯಾ? ತಂದು ಹಾಕ್ತೀನಲ್ಲ" ಅಂದ. ಅಮ್ಮ ದುರುಗುಟ್ಟಿ ನೋಡಿದರು. ಹೆಂಡತಿಯ ಹತ್ತಿರ ಹೋಗಿ, "ವಯಸ್ಸಾಗಿದೆ ಕಣೇ, ಸ್ವಲ್ಪ ಸುಧಾರಿಸ್ಕೋ" ಅಂದ.

"ಸುಧಾರಿಸ್ಕೊಳ್ತಿರೋದು ನಾನಲ್ಲ ರೀ. ಗುಬ್ಬಿ."



ಮುಂದಿನ ಬುಧವಾರ ಮಧ್ಯಾಹ್ನ ಮಾವ ಒಬ್ಬ ಮೇಷ್ಟ್ರಿಗೆ ಗಡ್ಡ ಮಾಡುತ್ತಿದ್ದರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ. ಒಳಗೆ ಗುಬ್ಬಿಯ ಅಳು ಏರುತ್ತ ಹೋಯಿತು. ಈ ಮನೆಯಲ್ಲಿ ಅಂಗಡಿ ಅವರದು, ಒಳಮನೆ ಹೆಂಡತಿಯದು. ಮೂವರು ಮಕ್ಕಳು ಹುಟ್ಟಿ ಬೆಳೆದರೂ ಅವರು ಒಂದು ಲಂಗೋಟಿ ಮುಟ್ಟಿದವರಲ್ಲ. ಆದರೆ ಆ ಅಳು ಕೇಳುತ್ತ ಕತ್ತಿ ಹಿಡಿಯಲಾಗಲಿಲ್ಲ. "ಒಂದು ನಿಮಿಷ ಮೇಷ್ಟ್ರೇ" ಎಂದು ಒಳಗೆ ಬಂದರು.

ಹೆಂಡತಿ ಚಾಪೆಯ ಮೇಲೆ ಮಂಡಿಯೂರಿ, ಮಗುವಿನ ಹೊಟ್ಟೆಯ ಮೇಲೆ ಬಾಗಿ, ಡೈಪರಿನ ಅಂಟುಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ಬಲಗೈ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಎಡಗೈ ಮಗುವಿನ ಒದೆಯುವ ಕಾಲನ್ನು ತಡೆಯಲು ಒದ್ದಾಡುತ್ತಿತ್ತು.

"ಏನೇ ಇದು?"

ಅವರು ತಲೆ ಎತ್ತಿದರು. ಕಣ್ಣು, ಮೂಗು ಎಲ್ಲ ಒದ್ದೆ. "ಬೆರಳಿಗೆ ಸಿಗ್ತಿಲ್ಲ ರೀ. ಪಟ್ಟಿ ಬೆರಳಿಗೇ ಸಿಗ್ತಿಲ್ಲ."

ಮೂವತ್ತು ವರ್ಷ ಶರ್ಟಿನ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿದ ಕೈ ಅದು. ಅವರ ಕಾಜಾದಲ್ಲಿ ಒಂದು ಎಳೆ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಕಳೆದ ವರ್ಷದಿಂದ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯತೊಡಗಿದ್ದವು. ಈಗ ಮರಗಟ್ಟಿವೆ. ಮೊಳಕೈಯಲ್ಲಿ ತಬ್ಬಿ ಮಗುವನ್ನು ಎತ್ತಬಲ್ಲರು, ಎಡಗೈಯಲ್ಲಿ ಗಂಜಿ ತಿನ್ನಿಸಬಲ್ಲರು. ಚಿಕ್ಕದನ್ನು ಚಿವುಟಿ ಹಿಡಿಯಲು ಆಗದು. ಬೆಳಿಗ್ಗೆ ಒಂದು ಸಲ ಹೇಗೋ ಒದ್ದಾಡಿ ಬದಲಾಯಿಸಿದರೆ ಎರಡನೆಯದಕ್ಕೆ ಅರ್ಧ ಗಂಟೆ. ಮೂರನೆಯದಕ್ಕೆ ಧೈರ್ಯವೇ ಇರುತ್ತಿರಲಿಲ್ಲ. ಒದ್ದೆ ಹೀರಲಿ ಎಂದು ಪೌಡರ್ ಸುರಿಯುತ್ತಿದ್ದರು.

"ಹಾಗಾದ್ರೆ ಲೋಟ ಒಡೆದಾಗೆಲ್ಲ ಬೆಕ್ಕಿನ ಮೇಲೆ ಹಾಕ್ತಿದ್ದೆಯಲ್ಲ..."

"ಬೆಕ್ಕು ಪಾಪ ಬಂದೇ ಇಲ್ಲ" ಅಂದರು ಹೆಂಡತಿ. "ಮಗನಿಗೆ ಹೇಳಬೇಡಿ. ಸೊಸೆಗಂತೂ ಬೇಡವೇ ಬೇಡ. ಕೈಲಾಗದವಳು ಅಂತ ಮಗೂನ ಒಯ್ದು ಬೇರೆಯವರ ಕೈಗೆ ಕೊಡ್ತಾಳೆ. ಇದೊಂದಿಲ್ಲದಿದ್ರೆ ಈ ಮನೇಲಿ ನಾನು ಯಾತಕ್ಕೆ ಹೇಳಿ?"

"ಹೇಳಲ್ಲ" ಎಂದು ಮಾವ ಚಾಪೆಯ ಮೇಲೆ ಕೂತರು. "ಹೇಳು, ಎಲ್ಲಿಂದ ಶುರು ಮಾಡಲಿ?"

"ನೀವಾ?"

"ನಲವತ್ತು ವರ್ಷ ಊರ ಮುಖ ಒರೆಸಿದೀನಿ. ಇದೂ ಚರ್ಮವೇ."

ಮೊದಲ ಸಲ ಡೈಪರನ್ನು ಹಿಂದುಮುಂದಾಗಿ ಹಾಕಿದರು. ಎರಡನೆಯ ಸಲ ಸರಿಯಾಯಿತು. ಅದಕ್ಕೂ ಮುಂಚೆ ಒರಟು ಬೆರಳನ್ನು ಎಲ್ಲೂ ತಾಗಿಸದೆ, ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಲೇ, ಇದು ಬರೀ ಉಜ್ಜಿದ ಉರಿಯಲ್ಲ. ತೊಡೆಸಂದಿನ ಮಡಿಕೆಯೊಳಗೆಲ್ಲ ಹೋಗಿದೆ. ಅಂಚಿನಲ್ಲಿ ಬಿಡಿಬಿಡಿ ಕೆಂಪು ಚುಕ್ಕೆ ಬೇರೆ. ಗಡ್ಡದೊಳಗೆ ಹುಳುಕಡ್ಡಿ ಹಿಡಿದೋರಿಗೆ ಹೀಗೆ ಹಬ್ಬುತ್ತೆ. ಡಾಕ್ಟರು ನೋಡಬೇಕು."

"ಯಜಮಾನ್ರೇ!" ಹೊರಗಿಂದ ಕೂಗು ಬಂತು. "ನೊರೆ ಒಣಗಿ ಮುಖ ಬಿಗೀತಿದೆ!"

"ಬಂದೆ ಮೇಷ್ಟ್ರೇ! ಇಲ್ಲೊಬ್ಬರು ನಿಮಗಿಂತ ಮೊದಲು ಬಂದಿದ್ರು!"

ಆ ದಿನ ಸಂಜೆ ಸೊಸೆಯೂ ಚುಕ್ಕೆಗಳನ್ನು ನೋಡಿದಳು. ಕೂಗಾಡಲಿಲ್ಲ. ಎಲ್ಲರೂ ಊಟಕ್ಕೆ ಕೂತಾಗ, ಅನ್ನ ಬಡಿಸುತ್ತ ಹೇಳಿದಳು: "ಡಿಪೋ ಪಕ್ಕದ ಶಿಶುಮನೆಯಲ್ಲಿ ವಿಚಾರಿಸಿ ಬಂದೆ. ಒಂದು ಜಾಗ ಇದೆಯಂತೆ. ಸೋಮವಾರದಿಂದ ಗುಬ್ಬಿ ಅಲ್ಲಿರಲಿ."

ಮಗ, "ಒಂದು ಮಾತು ಕೇಳಬೇಕು ಅಂತ ಅನ್ನಿಸಲಿಲ್ವಾ?" ಅಂದ.

"ಎರಡು ವಾರದಿಂದ ಕೇಳ್ತಾನೇ ಇದೀನಿ. ಆಗಾಗ ಅನ್ನೋದು ಬಿಟ್ಟು ಬೇರೆ ಉತ್ತರ ಸಿಕ್ಕಿಲ್ಲ."

ಅತ್ತೆಯ ಮುಂದಿನ ತಟ್ಟೆ ಹಾಗೇ ಇತ್ತು. ಮಾವ ತಮ್ಮ ತಟ್ಟೆಯನ್ನು ದೂರ ಸರಿಸಿದರು. ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಅಂದರು, "ಮಾತು ಕೊಟ್ಟಿದೀನಿ, ನಾನು ಹೇಳಲ್ಲ. ನೀನು ಹೇಳು. ಹೇಳದೆ ಈ ಮನೇಲಿ ನನಗೆ ತುತ್ತು ಇಳಿಯಲ್ಲ."

ಅತ್ತೆ ಬಲಗೈಯನ್ನು ಎತ್ತಿ ಎಲ್ಲರ ನಡುವೆ ಇಟ್ಟರು, ಬೇರೆ ಯಾರದೋ ಸಾಮಾನನ್ನು ತಂದಿಟ್ಟ ಹಾಗೆ.

"ಇದು ಸತ್ತುಹೋಗಿದೆ. ಒಂದು ವರ್ಷ ಆಯ್ತು. ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ. ಡೈಪರ್ ಬಿಚ್ಚೋಕೆ ಆಗ್ತಿರಲಿಲ್ಲ. ಅದಕ್ಕೇ."

ಸೊಸೆಯ ಮುಖ ಕೆಂಪೇರಿತು.

"ಅಂದ್ರೆ ನಿಮಗೆ ಗೊತ್ತಿತ್ತು. ಉರಿ ಅಂತ ಅದು ಅಳೋದು ಕೇಳಿಸ್ತಿತ್ತು. ಆದ್ರೂ ನನಗೆ ಹೇಳಲಿಲ್ಲ."

"ಹೇಳಲಿಲ್ಲ."

"ಹೇಳಿದ್ರೆ ನಾನೇನು ಬಯ್ತಿದ್ನಾ?"

"ಬಯ್ತಿದ್ದೆ" ಅಂದರು ಅತ್ತೆ.

ಸೊಸೆ ಅನ್ನದ ಸಟ್ಟುಗ ಕೆಳಗಿಟ್ಟಳು. "ಹೌದು. ಬಯ್ತಿದ್ದೆ. ಬಯ್ದು, ಆಮೇಲೆ ಏನಾದ್ರೂ ದಾರಿ ನೋಡ್ತಿದ್ದೆ. ನೀವು ಬೈಗುಳ ತಪ್ಪಿಸ್ಕೊಂಡ್ರಿ. ಅದನ್ನ ಈ ಕೂಸು ಅನುಭವಿಸ್ತು."

ಮಗ "ಸಾಕು ಬಿಡೇ" ಅಂದ. ಅತ್ತೆ ಎಡಗೈ ಎತ್ತಿ ಅವನನ್ನು ತಡೆದರು. "ಅವಳು ಹೇಳ್ತಿರೋದು ನಿಜ. ಹೇಳಲಿ."

ಆದರೆ ಸೊಸೆ ಎದ್ದು ತಟ್ಟೆ ತೊಳೆದಳು. ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದಳು.

ಮರುದಿನ ಡಾಕ್ಟರಮ್ಮ ನೋಡಿದ ಕೂಡಲೇ ಬೂಷ್ಟಿನ, ಅಂದರೆ ಫಂಗಸ್ ಸೋಂಕು ಎಂದರು. ಒದ್ದೆ, ಬಿಸಿ, ಒಡೆದ ಚರ್ಮ, ಇಷ್ಟು ಸಿಕ್ಕರೆ ಅದು ಬೇರೂರುತ್ತದಂತೆ. ಬೇರೊಂದು ಮುಲಾಮು ಬರೆದುಕೊಟ್ಟರು. ಅದನ್ನು ಮೊದಲು ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಜಿಂಕ್ ಮುಲಾಮು. ಕೆಂಪು ಹೋದರೂ ಹೇಳಿದಷ್ಟು ದಿನ ಬಿಡಬಾರದು. ಕೀವು, ಜ್ವರ ಬಂದರೆ ಕಾಯದೆ ಬರಬೇಕು. ಆಮೇಲೆ ಅಜ್ಜಿಯ ಕೈಯನ್ನು ತಿರುಗಿಸಿ ನೋಡಿ ಮಣಿಕಟ್ಟಿನ ಮೇಲೆ ಬೆರಳಿನಲ್ಲಿ ತಟ್ಟಿದರು. "ಸತ್ತಿಲ್ಲ ಅಜ್ಜಿ, ಇಲ್ಲಿ ನರ ಒತ್ತಿಕೊಂಡಿರೋ ಹಾಗಿದೆ. ಕೈ ಡಾಕ್ಟರಿಗೆ ಚೀಟಿ ಕೊಡ್ತೀನಿ. ವರ್ಷಗಟ್ಟಲೆ ಮುಚ್ಚಿಡೋ ರೋಗ ಅಲ್ಲ ಇದು."

ಮನೆಗೆ ಬಂದ ಮೇಲೆ ಸೊಸೆ ಎಲ್ಲರನ್ನೂ ಅಂಗಡಿಯ ಬೆಂಚಿನ ಮೇಲೆ ಕೂರಿಸಿದಳು. "ಶಿಶುಮನೆಯವರಿಗೆ ಎರಡು ವಾರ ಕಾಯಿರಿ ಅಂತ ಹೇಳಿದೀನಿ. ಅಷ್ಟರಲ್ಲಿ ವಾಸಿಯಾಗದಿದ್ರೆ ಗುಬ್ಬಿ ಅಲ್ಲಿಗೆ. ಆಮೇಲೆ ಅತ್ತು ಕರೆದು ಮಾಡೋ ಹಾಗಿಲ್ಲ."

"ಆಗಲಿ" ಅಂದರು ಅತ್ತೆ.

"ಬೆಳಿಗ್ಗೆ ನಾನು ಹೊರಡೋವಾಗ ಒಮ್ಮೆ. ನೀವು" ಎಂದು ಗಂಡನ ಕಡೆ ತಿರುಗಿದಳು, "ಕೆಲಸಕ್ಕೆ ಹೋಗೋ ಮುಂಚೆ ಒಮ್ಮೆ. ಕಾಫಿ ಕುಡಿಯೋಕೆ ಸಿಗೋ ಟೈಮು ಇದಕ್ಕೂ ಸಿಗುತ್ತೆ. ಆಮೇಲೆ ಹಗಲೆಲ್ಲ ಮಾವ. ಯಾವಾಗ ಬೇಕು ಅನ್ನೋದು ಅತ್ತೆ ಹೇಳಬೇಕು. ಕೈ ಇಲ್ಲದಿದ್ರೂ ಮೂಗು ಇದೆಯಲ್ಲ."

ಅತ್ತೆಗೆ ಸಿಟ್ಟೂ ಬಂತು, ನಗುವೂ ಬಂತು. "ಮೂಗೂ ಇದೆ, ಬಾಯೂ ಇದೆ."

ಅಲ್ಲಿಂದ ಅಂಗಡಿಯಲ್ಲಿ ಹೊಸ ಕಾನೂನು ಶುರುವಾಯಿತು. ಒಳಗಿಂದ "ರೀ!" ಎಂದು ಕೂಗಿದರೆ ಕತ್ತರಿ ಎಲ್ಲಿದ್ದರೂ ಕೆಳಗೆ. ಅರ್ಧ ಕ್ಷೌರದ ತಲೆಗಳು ಕನ್ನಡಿಯೆದುರು ಕಾಯುತ್ತ ಕೂತವು. ಒಬ್ಬ ಡ್ರೈವರು, "ಈ ವಯಸ್ಸಿನಲ್ಲಿ ನಿಮಗ್ಯಾಕೆ ಇದೆಲ್ಲ?" ಎಂದು ಕೆಣಕಿದ. "ನಿನ್ನ ತಲೆಗಿಂತ ಆ ತಿಕವೇ ವಾಸಿ ಕಣಯ್ಯಾ, ಪುಕ್ಕಟೆ ಬುದ್ಧಿ ಹೇಳಲ್ಲ" ಅಂದರು ಮಾವ. ಬೆಂಚಿನವರೆಲ್ಲ ನಕ್ಕರು. ಒಂದಿಬ್ಬರು ಗಿರಾಕಿಗಳು ಬೇಸತ್ತು ಬೇರೆ ಅಂಗಡಿಗೆ ಹೋದದ್ದೂ ಹೌದು. ಮಾವ ಅದರ ಮಾತೆತ್ತಲಿಲ್ಲ.

ಅತ್ತೆ ಪಕ್ಕದಲ್ಲಿ ಕೂತು ಒಂದೊಂದೂ ಹೇಳಿಕೊಡುತ್ತಿದ್ದರು. "ಅಷ್ಟು ಬಿಗೀಬೇಡಿ, ಅದೇನು ಹಾಸಿಗೆ ಸುತ್ತೋದಾ? ಎರಡು ಬೆರಳು ಹೋಗೋಷ್ಟು ಸಡಿಲ ಇರಲಿ." "ಮಡಿಕೆ ಬಿಡಿಸಿ ಒಣಗಿಸಿ, ಮಡಿಕೆ!" ಮಗನಿಗೂ ಅದೇ ಪಾಠ. ಅವನು ಲಿಫ್ಟಿನ ಬೋಲ್ಟು ಬಿಗಿದು ರೂಢಿಯಾದವನು, ಮೊದಲ ದಿನ ಪಟ್ಟಿಯನ್ನೇ ಕಿತ್ತಿಟ್ಟ.

ಆರನೆಯ ದಿನಕ್ಕೆ ಗುಬ್ಬಿಗೆ ಭೇದಿ ಶುರುವಾಯಿತು. ಬೆಳಗಿನಿಂದ ನಾಲ್ಕು ಸಲ. ಮಾವ ನಾಲ್ಕು ಸಲವೂ ಓಡಿ ಬಂದರೂ, ಇಳಿದಿದ್ದ ಕೆಂಪು ಮಧ್ಯಾಹ್ನದೊಳಗೆ ಮತ್ತೆ ಉಕ್ಕಿತು. ಅತ್ತೆ ಫೋನು ತೆಗೆದು ಎಡಗೈಯ ಹೆಬ್ಬೆರಳಿನಲ್ಲಿ ಒತ್ತಿದರು. ಆ ಕಡೆ ಬಸ್ಸಿನ ಗದ್ದಲ.

"ನಾನು ಕಣೆ. ಮಗು ನಾಲ್ಕು ಸಲ ಭೇದಿ ಮಾಡ್ಕೊಂಡಿದೆ. ಕೆಂಪು ಹೆಚ್ಚಾಗಿದೆ. ನೀನು ಬಂದು ನೋಡೋದಕ್ಕೆ ಮುಂಚೆ ನಾನೇ ಹೇಳ್ತಿದೀನಿ."

"ಹಾಲು ಕುಡೀತಿದೆಯಾ? ಉಚ್ಚೆ ಆಗ್ತಿದೆಯಾ?"

"ಎರಡೂ ಆಗ್ತಿದೆ. ಜ್ವರ ಇಲ್ಲ. ಆಟ ಆಡ್ತಿದೆ."

"ಹಾಗಿದ್ರೆ ಬಿಚ್ಚಿ ಗಾಳಿಗೆ ಮಲಗಿಸಿ. ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳ್ತೀನಿ. ಅತ್ತೆ..." ಯಾರೋ ಸ್ಟಾಪು ಕೂಗಿದರು, ಸೊಸೆ ಸೀಟಿ ಊದಿದಳು. "ಹೇಳಿದ್ದು ಒಳ್ಳೇದಾಯ್ತು."

ಅಷ್ಟೇ. ಅತ್ತೆ ಆ ಫೋನನ್ನು ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಭೇದಿ ಎರಡು ದಿನಕ್ಕೆ ನಿಂತಿತು. ಚುಕ್ಕೆಗಳು ಒಂದೊಂದಾಗಿ ಮಾಸಿದವು. ಮೊದಲು ಅಂಚಿನವು, ಆಮೇಲೆ ಮಡಿಕೆಯೊಳಗಿನವು. ಹದಿನಾಲ್ಕನೆಯ ದಿನ ಸೊಸೆ ಗುಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹರಕು ನೋಟು ಪರೀಕ್ಷಿಸುವ ಹಾಗೆ ಅತ್ತಿತ್ತ ತಿರುಗಿಸಿ ನೋಡಿದಳು. ಮೂವರೂ ಸುತ್ತ ನಿಂತಿದ್ದರು. ಉಳಿದ ಮೈಯ ಬಣ್ಣವೇ ಅಲ್ಲೂ ಇತ್ತು. ಗುಬ್ಬಿ ಅಮ್ಮನ ಕಿವಿ ಹಿಡಿದು ಜಗ್ಗಿತು.

ಸೊಸೆ ಶಿಶುಮನೆಗೆ ಫೋನ್ ಮಾಡಿ, "ಜಾಗ ಬೇರೆಯವರಿಗೆ ಕೊಡಿ" ಅಂದಳು. ಮುಲಾಮನ್ನು ಮಾತ್ರ ಡಾಕ್ಟರಮ್ಮ ಹೇಳಿದ ದಿನದವರೆಗೆ ನಿಲ್ಲಿಸಲಿಲ್ಲ.

ಇನ್ನು ಉಳಿದದ್ದು ಅತ್ತೆಯ ಕೈ. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗಿ ನೋಡಿದ್ದಾಯಿತು, ಗುಣ ಕಾಣಲಿಲ್ಲ. ಚಿಕ್ಕ ಆಪರೇಷನ್ ಆಗಬೇಕು, ಅದೇ ದಿನ ಮನೆಗೆ ಹೋಗಬಹುದು ಎಂದರು ಕೈ ಡಾಕ್ಟರು. ಅತ್ತೆ ಮೂರು ಸಲ ಮುಂದೂಡಿದರು. ಒಮ್ಮೆ ಕೆಮ್ಮು, ಒಮ್ಮೆ ಹಲ್ಲುನೋವು, ಮೂರನೆಯ ಸಲ ಕಾರಣ ಹೊಳೆಯದೆ ಸುಮ್ಮನೆ. ಕೊನೆಗೆ ಸೊಸೆ ತಾನೇ ತಾರೀಕು ಬರೆಸಿ ಬಂದಳು. "ಅತ್ತೆ, ಮಗು ತೆವಳೋಕೆ ಶುರು ಮಾಡಿದೆ. ಇನ್ನು ಮೇಲೆ ಅದನ್ನ ಹಿಡಿಯೋಕೆ ಎರಡೂ ಕೈ ಬೇಕು. ನಾನೇ ಜೊತೆಗೆ ಬರ್ತೀನಿ."

ಆ ಬೆಳಿಗ್ಗೆ ಮಾವ ಅಂಗಡಿ ತೆರೆಯಲಿಲ್ಲ, ಮಗ ಕೆಲಸಕ್ಕೆ ಹೋಗಲಿಲ್ಲ. ಗುಬ್ಬಿಯ ಜೊತೆ ಇಡೀ ದಿನ ಇಬ್ಬರು ಗಂಡಸರೇ. ಆಸ್ಪತ್ರೆಯ ಓಣಿಯಲ್ಲಿ ಹಸಿರು ಗೌನು ತೊಟ್ಟು ಕೂತ ಅತ್ತೆ ಅದರ ಅಂಚನ್ನು ಎಡಗೈಯಲ್ಲಿ ಮೊಣಕಾಲಿಗೆ ಎಳೆದುಕೊಳ್ಳುತ್ತಲೇ ಇದ್ದರು. ಸೊಸೆ ತನ್ನ ಶಾಲು ತೆಗೆದು ಅದರ ಮೇಲೆ ಹೊದಿಸಿದಳು. "ಚಳಿ" ಅಂದರು ಅತ್ತೆ. "ಹೌದು, ಚಳಿ ಇದೆ" ಅಂದಳು ಸೊಸೆ. ಹೊರಗೆ ಬಿಸಿಲು ಸುಡುತ್ತಿತ್ತು.

ಹತ್ತೂವರೆಗೆ ಮಗನ ಫೋನು. ಸೊಸೆ ಅದನ್ನು ಅತ್ತೆಯ ಕಿವಿಗೆ ಹಿಡಿದಳು.

"ಅಮ್ಮಾ, ಏನೂ ಹಾಕದೆ ಆಡೋಕೆ ಬಿಟ್ಟಿದ್ವಿ. ಅಂಗಡಿವರೆಗೂ ತೆವಳಿ ಹೋಗಿ ನೆಲವೆಲ್ಲ ಒದ್ದೆ ಮಾಡಿದಾಳೆ. ಅಪ್ಪ ಜಾರಿ ಬೀಳೋದೊಂದು ಬಾಕಿ. ಡೈಪರ್ ಹಾಕಿಬಿಡಲಾ?"

"ಬೇಡ! ಗಾಳಿ ಆಡಲಿ ಬಿಡು!" ಅತ್ತೆಯ ದನಿಗೆ ಓಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ನರ್ಸು ಬಂದು "ಅಜ್ಜಿ, ನಿಮ್ಮ ಸರದಿ" ಎಂದು ಬಾಗಿಲು ತೆರೆದು ಹಿಡಿದಳು. ಅತ್ತೆ ಎದ್ದರು. ಶಾಲನ್ನು ಸೊಸೆಯ ಕೈಗಿತ್ತು, ಎರಡು ಹೆಜ್ಜೆ ಹೋಗಿ, ಮತ್ತೆ ಹಿಂದೆ ಬಂದು ಫೋನಿಗೆ ಬಾಯಿ ಕೊಟ್ಟರು.

"ನೆಲ ಒದ್ದೆಯಾದ್ರೆ ನೆಲ ಒರೆಸ್ರೋ! ನೆಲಕ್ಕೇನು ದದ್ದು ಏಳುತ್ತಾ?"

ಹಾಗೆಂದವರೇ, ಹಿಂತಿರುಗಿ ನೋಡದೆ ಒಳಗೆ ನಡೆದರು.